ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಜೂನ್ 12, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನಿನ್ನ ಎರಡು ಪತ್ರಗಳೂ ಬಂದಿವೆ. ಎರಡನೆಯದರಲ್ಲಿ ಬೈದದ್ದೂ ತಲುಪಿದೆ. ಚೆನ್ನಾಗಿಯೇ ಬೈದಿದ್ದೀಯ, ನಮ್ಮಮ್ಮನ ನೆನಪಾಯಿತು. ತಪ್ಪಾಯಿತು ಕಣೆ, ಹೊಟ್ಟೆಗೆ ಹಾಕಿಕೋ. ಫೋನಾದರೂ ಮಾಡಬಾರದೇ ಎಂದು ಕೇಳಿದ್ದೀಯ. ಇರುವುದೇ ಎರಡು ಕೋಣೆ, ಅದರಲ್ಲೊಂದರ ತುಂಬ ನನ್ನ ಹೊಲಿಗೆ ಮಿಷನ್ನು, ಗಿರಾಕಿಗಳ ಬಟ್ಟೆ. ಪಿಸುಗುಟ್ಟಿದರೂ ನಿನ್ನ ಭಾವನಿಗೆ ಕೇಳಿಸುತ್ತದೆ. ಅವರ ವಿಷಯವನ್ನು ಅವರ ಎದುರಿಗೇ ಹೇಗೆ ಹೇಳಲಿ? ಈಗ ಅವರು ಮನೆಯಲ್ಲಿಲ್ಲ. ಎಲ್ಲಿಗೆ ಹೋಗಿದ್ದಾರೆಂದು ಆಮೇಲೆ ಹೇಳುತ್ತೇನೆ. ಮೊದಲೇ ಹೇಳಿದರೆ ಉಳಿದದ್ದನ್ನು ನೀನು ಓದುವುದಿಲ್ಲ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ.

ಮೂರು ತಿಂಗಳ ಹಿಂದೆ ಅವರ ಮುಖಕ್ಕೆ ಒಂಚೂರು ತೊಂದರೆ ಆಗಿದೆ ಎಂದಷ್ಟೇ ಬರೆದಿದ್ದೆ. ಒಂಚೂರಲ್ಲ ಗುಬ್ಬಿ. ಅವತ್ತು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರೆಲ್ಲ ಬಲಗಡೆಯಿಂದ ಸೋರಿಹೋಯಿತು. ನೋಡಿದರೆ ಬಲಗೆನ್ನೆ ಜೋತುಬಿದ್ದಿತ್ತು, ಆ ಕಡೆಯ ಕಣ್ಣು ಮುಚ್ಚುತ್ತಿರಲಿಲ್ಲ. ಜೀವಕ್ಕೇನೂ ಭಯವಿಲ್ಲ, ಮುಖದ ನರ ಸೋತಿದೆ, ಮಾತ್ರೆ ನುಂಗಿ, ದಿನಾ ಕನ್ನಡಿ ಮುಂದೆ ನಿಂತು ನಗುವುದನ್ನು ಅಭ್ಯಾಸ ಮಾಡಿ ಎಂದರು ಡಾಕ್ಟರು. ಮಾತ್ರೆಯನ್ನೇನೋ ನುಂಗಿದರು. ಕನ್ನಡಿಯ ಮುಂದೆ ಮಾತ್ರ ನಿಲ್ಲಲೊಲ್ಲರು. ಕಟಿಂಗ್ ಶಾಪ್ ಇಟ್ಟುಕೊಂಡ ಮನುಷ್ಯ ಕನ್ನಡಿಯನ್ನೇ ಬಿಟ್ಟರೆ ಹೇಗೆ ಹೇಳು! "ಜನ ನನ್ನ ಹತ್ರ ಬರೋದೇ ಚೆನ್ನಾಗಿ ಕಾಣಕ್ಕೆ. ಅವರ ಬೆನ್ನ ಹಿಂದೆ ಈ ಸೊಟ್ಟ ಮೂತಿ ಹೊತ್ಕೊಂಡು ನಿಲ್ಲಲಾ?" ಎಂದು ಅಂಗಡಿಯನ್ನು ಪಾಲುದಾರನ ಕೈಗೆ ಬಿಟ್ಟು ಮನೆ ಸೇರಿದರು. ಮನೆಯ ಕನ್ನಡಿಗೂ ಟವೆಲ್ ಹೊದಿಸಿದರು. ನಾನೂ ನಮ್ಮ ಮಗಳೂ ಸ್ಟೀಲ್ ತಟ್ಟೆ ನೋಡಿಕೊಂಡು ತಲೆ ಬಾಚುವ ಹಾಗಾಯಿತು. ಕೆಲಸವಿಲ್ಲದೆ ಅವರ ಕೈ ಸುಮ್ಮನೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಇವರು ಮತ್ತೆ ಅಂಗಡಿಯ ಮೆಟ್ಟಿಲು ಹತ್ತುತ್ತಾರೋ ಇಲ್ಲವೋ ಎನ್ನುವುದೊಂದೇ ನನ್ನ ಯೋಚನೆ.

ಕನ್ನಡಿಯ ಮುಂದೆ ಬೇಡ, ಎಲ್ಲಾದರೂ ಸರಿ, ನಕ್ಕರೆ ಸಾಕು ಎಂದು ಮನೆಮಂದಿಯೆಲ್ಲ ಟೊಂಕ ಕಟ್ಟಿ ನಿಂತೆವು. ಮಗಳು ಕಾಲೇಜಿನಿಂದ ಜೋಕುಗಳನ್ನು ಹೊತ್ತು ತರುತ್ತಿದ್ದಳು. ಹೇಳಿ ಮುಗಿಸುವಷ್ಟರಲ್ಲಿ ತಾನೇ ನಕ್ಕು ಸುಸ್ತಾಗುತ್ತಿದ್ದಳು. ಇವರು ಗಂಭೀರವಾಗಿ "ಮುಗೀತಾ?" ಎಂದು ಕೇಳುತ್ತಿದ್ದರು. ಅತ್ತೆಯಂತೂ ಮಗನ ಎದುರು ಕೂತು, "ಎಲ್ಲಿ ಕಂದ, ಹೀಗೆ ಮಾಡು" ಎಂದು ತಮ್ಮ ಬೊಚ್ಚುಬಾಯಿ ಅಗಲಿಸಿ ತೋರಿಸುತ್ತಿದ್ದರು. ಐವತ್ತು ದಾಟಿದ ಕಂದ ಎದ್ದು ಹೊರಗೆ ಹೋಗಿಬಿಡುತ್ತಿದ್ದರು.

ಬೇಕೆಂದು ನಗಿಸಿದರೆ ನಗದ ಈ ಮನುಷ್ಯ ಬೇಡದ್ದಕ್ಕೆಲ್ಲ ನಗುತ್ತಾರೆ ಎಂದು ಗೊತ್ತಾದದ್ದು ನಿಧಾನವಾಗಿ. ಅತ್ತೆಗೆ ಕುಕ್ಕರಿನ ಜೊತೆ ಮಾತಾಡುವ ಅಭ್ಯಾಸ. ಅದು ಕೂಗಿದರೆ, "ಬಂದೆ ಇರೇ, ಬೀದಿಗೆಲ್ಲ ಕೇಳ್ಸಬೇಡ" ಎನ್ನುತ್ತಾರೆ. ಒಂದು ದಿನ ಏನೋ ಮುನಿಸು ಬಂದು ಅದರೊಂದಿಗೆ ಮಾತು ಬಿಟ್ಟರು. ಅವತ್ತು ಬೇಳೆ ಸೀದು ಕರಕಲಾಯಿತು. "ನೋಡ್ದೇನೇ ಇವಳ ಕೊಬ್ಬು? ಮಾತಾಡ್ಸಿಲ್ಲ ಅಂತ ಸೇಡು ತೀರಿಸ್ಕೊಂಡ್ಳು" ಎಂದರು. ನಿನ್ನ ಭಾವ ಮುಖಕ್ಕೆ ಅಡ್ಡ ಹಿಡಿದಿದ್ದ ಪೇಪರು ಗಡಗಡ ಅಲುಗಾಡಿತು. ಬಚ್ಚಲಿನ ಚಿಲಕ ಮುರಿದ ಮೇಲೆ ಒಳಗಿರುವವರು ಹಾಡುತ್ತಿರಬೇಕು ಎನ್ನುವುದು ನಮ್ಮ ಮನೆಯ ಕಾನೂನು. ಪರೀಕ್ಷೆ ಹತ್ತಿರ ಬಂದಾಗ ಮಗಳು ಹಾಡು ಬಿಟ್ಟು ಕೆಮಿಸ್ಟ್ರಿ ಪಾಠವನ್ನೇ ರಾಗವಾಗಿ ಎಳೆದಳು. ಅದಕ್ಕೂ ನಕ್ಕರು. ಆದರೆ ನಗು ಬರುತ್ತಲೇ ಅವರ ಕೈ ಬಾಯಿಗೆ ಅಡ್ಡ ಬರುತ್ತಿತ್ತು. ನಾನು ನೋಡಿದೆನೆಂದರೆ ನಗು ಅಲ್ಲಿಗೇ ನಿಂತುಹೋಗುತ್ತಿತ್ತು.

ನಿನ್ನೆಯ ಕಥೆ ಕೇಳು. ಅವರ ಕೂದಲು ಬೆಳೆದು ಕಾಲರಿನ ಮೇಲೆ ಹರಡಿತ್ತು. ಅಂಗಡಿಗೆ ಹೋಗಿ ಕಟಿಂಗ್ ಮಾಡಿಸಿಕೊಳ್ಳಿ ಎಂದರೆ ಒಲ್ಲೆ, ಪಾಲುದಾರನನ್ನೇ ಮನೆಗೆ ಕರೆಸುತ್ತೇನೆ ಎಂದರೆ ಅದೂ ಒಲ್ಲೆ. ನನಗೂ ರೇಗಿತು. "ಹಾಗಾದ್ರೆ ಕೂತ್ಕೊಳ್ರಿ, ನಾನೇ ಕತ್ತರಿಸ್ತೀನಿ. ನಾನೂ ದಿನಾ ಕತ್ತರಿ ಹಿಡಿಯೋಳೇ" ಎಂದೆ. ಏನನ್ನಿಸಿತೋ, ತೆಪ್ಪಗೆ ಬಂದು ಸ್ಟೂಲಿನ ಮೇಲೆ ಕೂತರು.

ನನಗೆ ಬರುವುದು ನನ್ನ ಕೆಲಸ ತಾನೇ? ಟೇಪು ತಂದು ಕಿವಿಯಿಂದ ಕಿವಿಗೆ ಅಳತೆ ತೆಗೆದೆ. ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಕತ್ತಿನ ಹಿಂದೆ ನೆಟ್ಟಗೆ ಗೆರೆ ಎಳೆದೆ. ಕತ್ತರಿಸತೊಡಗಿದೆ. ಅಷ್ಟರಲ್ಲಿ ಇವರು, "ಅಲ್ವೇ, ಗೆರೆ ಎಳೆದಿದ್ದು ಮೇಲೆ, ಕತ್ತರಿ ಆಡ್ತಿರೋದು ಕೆಳಗೆ. ಯಾಕೆ?" ಎಂದರು.

"ಹೊಲಿಗೆಗೆ ಅರ್ಧ ಇಂಚು ಬಿಡಬೇಡ್ವಾ?" ಎಂದೆ.

ಆಣೆಮಾಡಿ ಹೇಳುತ್ತೇನೆ ಗುಬ್ಬಿ, ತಮಾಷೆಗೆ ಹೇಳಿದ್ದಲ್ಲ. ಬಟ್ಟೆ ಕತ್ತರಿಸಿ ಕತ್ತರಿಸಿ ಕೈಗೆ ಅದೇ ರೂಢಿ, ಬಾಯಿಗೂ ಅದೇ ಬಂತು. ಮಗಳು ನೆಲದ ಮೇಲೆ ಬಿದ್ದು ಹೊರಳಾಡಿದಳು. "ಏನಾಯ್ತು, ಏನಾಯ್ತು?" ಎಂದು ಅತ್ತೆ ಅಡುಗೆಮನೆಯಿಂದ ಓಡಿಬಂದರು. ಇವರು ಎದ್ದವರೇ ಕನ್ನಡಿಯ ಮೇಲಿನ ಟವೆಲನ್ನು ಸರಕ್ಕನೆ ಎಳೆದರು. ತಾವೇ ಬಚ್ಚಿಟ್ಟಿದ್ದ ಸಣ್ಣ ಕನ್ನಡಿಯನ್ನು ಇನ್ನೊಂದು ಕೈಯಲ್ಲಿ ತೆಗೆದುಕೊಂಡು, ಗಿರಾಕಿಗಳಿಗೆ ತೋರಿಸುತ್ತಾರಲ್ಲ, ಹಾಗೆ ತಲೆಯ ಹಿಂದೆ ಹಿಡಿದು ನೋಡಿದರು. ಲಂಗದ ಅಂಚಿನಂತೆ ನೆಟ್ಟಗೆ ನಿಂತಿತ್ತು ಕೂದಲು.

ನಕ್ಕರು ನೋಡು! ಎರಡು ಕೈಯಲ್ಲೂ ಏನೋ ಹಿಡಿದಿದ್ದರಿಂದ ಬಾಯಿ ಮುಚ್ಚಿಕೊಳ್ಳಲು ಆಗಲಿಲ್ಲ. ಎಡಗಡೆಯ ತುಟಿ ಕಿವಿಯವರೆಗೆ ಹೋಯಿತು. ಬಲಗಡೆಯ ತುದಿ ಮೊದಲು ನಡುಗಿತು, ಆಮೇಲೆ ಒಂದಿಷ್ಟು ಮೇಲೆ ಹೋಯಿತು. ಅದನ್ನು ಅವರೂ ಕಂಡರು, ನಾವೂ ಕಂಡೆವು. ನಗು ನಿಲ್ಲಿಸಿ ಕನ್ನಡಿಯ ಹತ್ತಿರ ಹೋದರು. "ಇನ್ನೊಂದ್ಸಲ ಹೇಳೇ, ಏನಕ್ಕೆ ಬಿಟ್ಟೆ?" ಎಂದರು. "ಹೊಲಿಗೆಗೆ" ಎಂದೆ. ಮತ್ತೆ ನಕ್ಕರು. ಮತ್ತೆ ಕೇಳಿದರು. ಅದೇ ಮಾತನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ಇವತ್ತು ಬೆಳಿಗ್ಗೆ, "ಇದನ್ನ ಸರಿ ಮಾಡಿಸ್ಕೊಳ್ದೆ ಇದ್ರೆ ನಾನು ಕಲಿತ ವಿದ್ಯೆಗೇ ಅವಮಾನ" ಎಂದು ತಾವಾಗಿಯೇ ಅಂಗಡಿಗೆ ಹೊರಟರು. ಮಧ್ಯಾಹ್ನವಾದರೂ ಪತ್ತೆಯಿಲ್ಲ. ಮಗಳನ್ನು ಕಳಿಸಿದೆ. ಓಡೋಡಿ ಬಂದಳು. "ಅಮ್ಮಾ, ಅಪ್ಪ ಗಿರಾಕಿಗೆ ಸೋಪು ಹಚ್ತಾ ಇದಾರೆ! ಬಂದೋರಿಗೆಲ್ಲ ಕತ್ತು ತೋರಿಸಿ ನಿನ್ನ ಮಾನ ಹರಾಜು ಹಾಕ್ತಿದಾರೆ" ಎಂದಳು. ಹಾಕಲಿ ಬಿಡು. ಭಾನುವಾರ ಗಿರಾಕಿ ಜಾಸ್ತಿ, ಪಾಲುದಾರನೂ ಬಿಡಲಿಲ್ಲವಂತೆ. ಅವರ ಊಟ ಮುಚ್ಚಿಟ್ಟು ನಿನಗೆ ಬರೆಯುತ್ತ ಕೂತಿದ್ದೇನೆ.

ನೀನೂ ನಿನ್ನ ಮನೆಯವರೂ ಹೊಟ್ಟೆ ತುಂಬ ಉಂಡು ಕಣ್ತುಂಬ ನಿದ್ದೆ ಮಾಡಿಕೊಂಡು ನೂರು ಕಾಲ ಬಾಳಿ. ಕೋಪ ಇಳಿದಿದ್ದರೆ ಬರೆ, ಇಳಿಯದಿದ್ದರೂ ಬರೆ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಬಿಟ್ಟದ್ದು. ಬೆಳಿಗ್ಗೆ ಚಪ್ಪಲಿ ಮೆಟ್ಟಿದವರು ಬಾಗಿಲಲ್ಲೇ ನಿಂತರು. ನನ್ನ ಮುಖ ನೋಡದೆ, "ನಗು ವಾಪಸ್ ಬಂದ್ರೂ ಬಲಗೆನ್ನೆ ಗುಳಿ ಬರಲ್ವಂತೆ ಕಣೆ. ಡಾಕ್ಟ್ರು ಆಗ್ಲೇ ಹೇಳಿದ್ರು. ಆ ಗುಳಿ ನೋಡೇ ನೀನು ನನ್ನ ಒಪ್ಕೊಂಡಿದ್ದು. ನಿಂಗೆ ಹೇಗೆ ಹೇಳೋದು ಅಂತ ತಿಳೀಲಿಲ್ಲ" ಎಂದರು. ಇಷ್ಟು ದಿನ ಬಾಯಿಗೆ ಕೈ ಅಡ್ಡ ಹಿಡಿದದ್ದು ಊರಿಗೆ ನಾಚಿಯಲ್ಲ ಗುಬ್ಬಿ, ನನಗೆ ಹೆದರಿ. ಸುಳ್ಳು ಯಾಕೆ ಹೇಳಲಿ, ಆ ಗುಳಿ ಇನ್ನಿಲ್ಲ ಎಂದಾಗ ಎದೆ ಚುರ್ ಎಂದಿತು. ಅದಿದ್ದ ಜಾಗಕ್ಕೆ ಮುತ್ತು ಕೊಟ್ಟೆ. ಬಾಗಿಲು ತೆರೆದಿತ್ತು, ಅತ್ತೆ ಅಲ್ಲೇ ಕೂತಿದ್ದರು. "ನಾನೇನೂ ನೋಡ್ಲಿಲ್ಲಮ್ಮ" ಎಂದು ಗೋಡೆಯ ಕಡೆ ತಿರುಗಿದರು. ಏನೂ ನೋಡದವರು ಬೆಳಿಗ್ಗೆಯಿಂದ ಒಬ್ಬರೇ ನಗುತ್ತಿದ್ದಾರೆ.