ಕೈಯಿಂದ ತಿರುಗಿಸುವ ಲೆನ್ಸ್

೧೦ ಫೆಬ್ರವರಿ ೨೦೦೮, ಭಾನುವಾರ. ಕೂಡ್ಲಿಗಿ.

ಆ ಲೆನ್ಸ್ ಆರಿಸಿದ್ದು ನಾನೇ. ಯಾರನ್ನು ಬೈಯಲಿ?

ತಾಳಿ ಕಟ್ಟುವ ಹೊತ್ತಿಗೆ ಬೀಗರೆಲ್ಲ ಮುತ್ತಿಕೊಂಡು ಅಕ್ಕಿಕಾಳು ಹಾಕುತ್ತಾರೆ. ಅವರ ನಡುವೆ ನುಗ್ಗುವ ಶಕ್ತಿ ಈಗ ನನಗಿಲ್ಲ. ದೂರದಲ್ಲಿ ಕುರ್ಚಿ ಹತ್ತಿ ಫೋಟೊ ತೆಗೆಯೋಣವೆಂದು ಟೆಲಿ ಲೆನ್ಸ್ ಹುಡುಕಿಕೊಂಡು ಹೊಸಪೇಟೆಗೆ ಹೋಗಿದ್ದೆ. ಅಂಗಡಿಯವನು ಸರಿಯಾಗಿಯೇ ಹೇಳಿದ: "ನಿಮ್ಮ ಕ್ಯಾಮೆರಾಕ್ಕೆ ಇದು ತಾನಾಗಿ ಫೋಕಸ್ ಆಗಂಗಿಲ್ರಿ. ಮೋಟರ್ ಇರೋದು ತಗೊಳ್ರಿ." ಅದಕ್ಕೆ ಎರಡು ಪಟ್ಟು ಬೆಲೆ. "ಮೂವತ್ತು ವರ್ಷ ಫೋಕಸ್ ಕೈಲೇ ತಿರುಗಿಸೀನಿ, ಬಿಡಪ್ಪ" ಎಂದು ಗತ್ತಿನಿಂದ ಅಗ್ಗದ್ದನ್ನೇ ತಂದೆ.

ಇವತ್ತು ಇಟ್ಟಿಗಿಯ ಮದುವೆಯಲ್ಲಿ ತಾಳಿ ಕಟ್ಟುವುದನ್ನು ಅದರಲ್ಲೇ ತೆಗೆದೆ. ಸಂಜೆ ನನ್ನವಳು ಸ್ಟುಡಿಯೋದಲ್ಲಿ ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿ ಒಂದೊಂದಾಗಿ ನೋಡಿದಳು.

"ಏನ್ರೀ, ತಾಳಿ ಕಟ್ಟೋವು ಒಂದೂ ಚಲೋ ಬಂದಿಲ್ಲ. ಎಲ್ಲಾ ಮಸುಕು. ಲೆನ್ಸ್ ಕೆಟ್ಟೈತೇನ್ರಿ?"

"ಹ್ಞೂಂ, ಕೆಟ್ಟೈತಿ" ಅಂದೆ.

ಹುಡುಗಿಯ ಅಪ್ಪನಿಗೆ ಏನು ಹೇಳಲಿ? ತಾಳಿಯನ್ನು ಇನ್ನೊಮ್ಮೆ ಕಟ್ಟಿಸಲಾಗುತ್ತದೆಯೇ?

ಅವಳು ಅಡುಗೆಗೆ ಎದ್ದುಹೋದ ಮೇಲೆ ಒಬ್ಬನೇ ಕೂತು ನೋಡಿದೆ. ತಾನಾಗಿ ಫೋಕಸ್ ಆಗುವ ಹಳೆ ಲೆನ್ಸಿನಲ್ಲಿ ಚೆನ್ನಾಗಿ ಬಂದವನ್ನು ಬೇರೆ ತೆಗೆದಿಟ್ಟಿದ್ದಾಳೆ, ಮಸುಕಾದವನ್ನು ಬೇರೆ. ಪರದೆಗೆ ಮೂಗು ತಾಗಿಸಿ ನೋಡಿದರೂ ಅವೂ ಇವೂ ನನ್ನ ಕಣ್ಣಿಗೆ ಒಂದೇ ಥರ ಕಾಣುತ್ತವೆ.