ಮೂರನೇ ಗುಂಡು

ಕಟಕೋಳ, 2004

ಅಬ್ಬಾ,

ಇವತ್ತು ಮಧ್ಯಾಹ್ನ ನಿಮ್ಮ ಖೋಲಿ ಕಸ ಹೊಡಿಯೂವಾಗ ಕಿಡಕ್ಯಾಗಿನ ಡಬ್ಬಿ ಸಪ್ಪಳ ಮಾಡ್ತು. ಪುಪ್ಪಸದ ಆಪರೇಶನ್ ಆದಮ್ಯಾಲ ಉಸರು ಎಳದು ಗುಂಡು ಏರಸ್ರಿ ಅಂತ ಡಾಕ್ಟರ್ ಕೊಟ್ಟಿದ್ದ ಮೂರು ಪ್ಲಾಸ್ಟಿಕ್ ಗುಂಡಿನ ಡಬ್ಬಿ ಅದು. ನಿಮಗ ಮಣ್ಣು ಕೊಟ್ಟು ನಾಕು ತಿಂಗಳಾತು. ಆವಾಗಿಂದ ಡಬ್ಬಿ ಪೈಪಿಗೆ ಯಾರೂ ಬಾಯಿ ಹಚ್ಚಿರಲಿಲ್ಲ.

ಆದ್ರೂ ಒಂದು ಗುಂಡು ಏರ್ತು. ಆಮ್ಯಾಲ ಎರಡನೇದು, ನಡಗಕೋತ. ಮೂರನೇದು ಯಾವಾಗಿನಂಗ ಅಳ್ಳಾಡಲೇ ಇಲ್ಲ.

"ಸಾಕು, ದಣಕೋಬ್ಯಾಡ್ರಿ" ಅನ್ನಾಕ ಬಾಯಿ ತಗದ್ನಿ. ಬಂದದ್ದು ಅದ ಹಳೇ ಸಿಟ್ಟಿನ ಮಾತು: "ಲಾರಿ ಘಾಟ್ ಏರಿಸಿದವ್ರಿಗೆ ಇನ್ನೊಂದು ಗುಂಡು ಏರಸಾಕ ಆಗೂದಿಲ್ಲೇನ್ರಿ?"

ಎರಡೂ ಗುಂಡು ಟಕ್ಕಂತ ಕೆಳಗ ಬಿದ್ದವು. ನೀವು ಹೋದ ಮುಂಜಾನಿ ಇದ ಮಾತಿಗೆ ಬಿದ್ದಂಗನ.

ಅಂಬರೀನ