ಅಮಾವಾಸ್ಯೆಗೆ ಕಾಯದ ಶಾಲೆ

ಜೂನ್ 16, ಸೋಮವಾರ

ಮಹಾದೇವಿ ಬೆಳಿಗ್ಗೆ ತನ್ನ ಬೆಂಚು ಒರೆಸಿದಳು. ಆಮೇಲೆ ಪಕ್ಕದ್ದು. ಆಮೇಲೆ ಹಿಂದಿನದು. ಓಢಣಿಯ ತುದಿ ಕಪ್ಪಾಯಿತು. ನಾನು ಕಲಿಸುವ ಎಂಟನೆಯ ಕನ್ನಡ ಮೀಡಿಯಮ್ ತರಗತಿಗೆ ಇವತ್ತು ಬಂದವಳು ಅವಳೊಬ್ಬಳೇ.

ಶಾಲೆ ತೆರೆದ ದಿನ. ಉಳಿದ ಮಕ್ಕಳೆಲ್ಲ ಊರಲ್ಲಿ — ವಿಜಯಪುರದ ಕಡೆ. ಅಪ್ಪ ಅಮ್ಮಂದಿರಿಗೆ ಇಲ್ಲಿ ಗೋರೆಗಾಂವ್‌ನ ಬಿಲ್ಡಿಂಗ್ ಸೈಟುಗಳಲ್ಲಿ ಕೆಲಸ. ಬೇಸಿಗೆಯಲ್ಲಿ ಹೋದರೆ ಮಣ್ಣೆತ್ತಿನ ಅಮಾವಾಸ್ಯೆ ಮುಗಿಸಿಯೇ ಬರುತ್ತಾರೆ. ಮಣ್ಣಿನ ಎತ್ತು ಮಾಡಿ, ಪೂಜಿಸಿ, ಆಮೇಲೆ ಬಸ್ಸು. ಹೋದ ವರ್ಷ ಹೆಡ್‌ಬಾಯಿ, ಅಂದರೆ ಮುಖ್ಯೋಪಾಧ್ಯಾಯಿನಿ, ಕಸ್ತೂರಿಬಾಯಿ ಜುಲೈವರೆಗೆ ಕಾದರು. ಈಗ ನಿವೃತ್ತರು. ಮಹಾದೇವಿಗೆ ಊರಲ್ಲಿ ಯಾರೂ ಇಲ್ಲ, ಹಾಗಾಗಿ ಇಲ್ಲೇ ಇದ್ದಾಳೆ.

ಹೊಸ ಪ್ರಿನ್ಸಿಪಾಲ್ ಶೇಖರ ಸರ್ ಕಿಟಕಿಯಲ್ಲಿ ಇಣುಕಿದರು. "ಒಬ್ಬಳೇ?"

ಹೌದೆಂದು ತಲೆಯಾಡಿಸಿದೆ. ಅಮಾವಾಸ್ಯೆಯ ವಿಷಯ ಹೇಳಬೇಕಿತ್ತು...

ಜೂನ್ 18, ಬುಧವಾರ

ಸ್ಟಾಫ್ ರೂಮಿನಲ್ಲಿ ಪ್ರೊಜೆಕ್ಟರ್. ಸರ್ ಅವರ ವಿಷನ್ — ಮುಂದಿನ ಐದು ವರ್ಷ. ಗಾಜಿನ ಕಟ್ಟಡ, ರೋಬೋಟಿಕ್ಸ್ ಲ್ಯಾಬ್, ಎಲ್ಲ ಇಂಗ್ಲಿಷ್ ಮೀಡಿಯಮ್. ಕನ್ನಡ ಒಂದು ವಿಷಯವಾಗಿ ಉಳಿಯುತ್ತದೆ. ಮೊದಲು ಮುಚ್ಚುವುದು ಎಂಟನೆಯದು. ಆ ಕೋಣೆಯೇ ಲ್ಯಾಬ್.

"ನಾನೂ ಇದೇ ಶಾಲೆಯ ಕನ್ನಡ ಮೀಡಿಯಮ್‌ನವ, ಮಾರಾಯ್ರೆ. ಕಾಲೇಜಿನಲ್ಲಿ ಒಂದು ವರ್ಷ ಬಾಯಿ ಬಿಡಲಿಲ್ಲ, ಗೊತ್ತುಂಟಾ? ಈ ಮಕ್ಕಳಿಗೆ ಅದು ಬೇಡ."

ದನಿ ಸ್ವಲ್ಪ ನಡುಗಿತು. ನಾಟಕವಲ್ಲ. ಕೆಟ್ಟವರಾಗಿದ್ದರೆ ಸುಲಭವಿತ್ತು.

ಆಮೇಲೆ ನನ್ನ ಕಡೆ ತಿರುಗಿ — "ಟೀಚರ್, ನೀವು ಸಾಹಿತ್ಯದವರು. ಕಮಿಟಿಯ ಹಿರಿಯರಿಗೆ ಒಳ್ಳೆ ಕನ್ನಡ ಬೇಕು. ಇದನ್ನು ಚಂದ ಮಾಡಿ ಬರೆದು ನೀವೇ ಓದಿ. ಮಂಗಳವಾರ ಮೀಟಿಂಗ್. ಅಷ್ಟರಲ್ಲಿ ಎಂಟನೆಯದಕ್ಕೆ ಮಕ್ಕಳು ಬಂದರೆ ನೋಡುವ."

ಮಂಗಳವಾರ ಮೀಟಿಂಗ್. ಅಮಾವಾಸ್ಯೆ ಬುಧವಾರ.

ಜೂನ್ 20, ಶುಕ್ರವಾರ

ಅಣವೀರಪ್ಪನವರಿಗೆ ಫೋನ್ ಮಾಡಿದೆ. ಗೌಂಡಿ ಕೆಲಸದವರು. ಮಗಳು ಶುಭಾಂಗಿ ಮಹಾದೇವಿಯ ಗೆಳತಿ. ಸೋಮವಾರದೊಳಗೆ ಬನ್ನಿ, ಇಲ್ಲದಿದ್ದರೆ ತರಗತಿ ಮುಚ್ಚುತ್ತಾರೆ ಅಂದೆ.

ನಕ್ಕರು. "ವರ್ಷಾ ವರ್ಷಾ ಇದ ಮಾತ ಹೇಳ್ತೀರಲ್ರಿ ಅಕ್ಕೋರ. ಎತ್ತು ಮಾಡ್ಲಾರ್ದ ಊರು ಬಿಟ್ರ ನಮ್ಮವ್ವ ಮನ್ಯಾಗ ಸೇರಸ್ತಾಳೇನ್ರಿ? ಸಾಲಿ ಎಲ್ಲಿ ಓಡಿ ಹೊಂಟೈತಿ?"

ಹಿಂದಿನಿಂದ ಶುಭಾಂಗಿ ಕೂಗಿದಳು, "ಟೀಚರ್, ಮಹಾದೇವಿಗೆ ಬೋಲೋ, ನನ್ನ ಜಾಗಾ ಹಿಡಿ ಅಂತ."

ತಪ್ಪು ಅವರದಲ್ಲ. ಪ್ರತಿ ಮೇ ತಿಂಗಳು, ಅವರು ಊರಿಗೆ ಹೊರಡುವ ಮೊದಲು, ನಾವೇ ಅವರಿರುವ ಚಾಳುಗಳಿಗೆ ಹೋಗಿ ಹೆದರಿಸುತ್ತೇವೆ — ಮಕ್ಕಳನ್ನು ಕಳಿಸಿ, ಇಲ್ಲದಿದ್ದರೆ ತರಗತಿ ಮುಚ್ಚುತ್ತದೆ. ಪ್ರತಿ ಜುಲೈ ತರಗತಿ ನಡೆಯುತ್ತದೆ. ಈಗ ಯಾರು ನಂಬುತ್ತಾರೆ? ಉಳಿದ ಮನೆಗಳಿಂದಲೂ ಅದೇ ಉತ್ತರ.

ಜೂನ್ 23, ಸೋಮವಾರ. ಬೆಳಿಗ್ಗೆ, ಲೋಕಲ್ ರೈಲಿನಲ್ಲಿ

ದಹಿಸರ್‌ನಲ್ಲಿ ಕಿಟಕಿ ಸೀಟು ಸಿಕ್ಕಿತು. ಭಾಷಣ ಬರೆದು ಮುಗಿಯಿತು. 'ಬೇರು ಕನ್ನಡದಲ್ಲಿ, ರೆಕ್ಕೆ ಜಗತ್ತಿಗೆ' — ನಾನೇ ಬರೆದದ್ದು. ನಾಚಿಕೆಯಾಗುವಷ್ಟು ಚಂದ ಬಂದಿದೆ. ಕೊನೆಗೆ ನನ್ನದೊಂದು ಸಾಲು ಸೇರಿಸಿದೆ: ಎಂಟನೆಯ ತರಗತಿಯ ಮಕ್ಕಳು ಹಬ್ಬ ಮುಗಿಸಿ ಬರುತ್ತಾರೆ, ದಯವಿಟ್ಟು ಒಂದು ವಾರ ಕಾಯಿರಿ.

ಮಧ್ಯಾಹ್ನ

ಒಂದು ವಾರ ಕಾಯಬಹುದೇ ಎಂದು ಸರ್‌ಗೆ ಕೇಳಿಯೇಬಿಟ್ಟೆ.

"ಶಾಲೆ ಕ್ಯಾಲೆಂಡರ್ ಮೇಲೆ ನಡೀತದೆ ಟೀಚರ್, ಪಂಚಾಂಗದ ಮೇಲೆ ಅಲ್ಲ."

ಸಾಲು ಹೊಡೆದುಹಾಕಿ ಅನ್ನಲಿಲ್ಲ. ಅವರಿಗೆ ಆ ಸಾಲು ತೋರಿಸಿರಲಿಲ್ಲ.

ಜೂನ್ 24, ಮಂಗಳವಾರ

ಓದಿದೆ. 'ರೆಕ್ಕೆ ಜಗತ್ತಿಗೆ' ಅಂದಾಗಲೇ ಚಪ್ಪಾಳೆ. ಮುಗಿಯಿತೆಂದುಕೊಂಡರು. ಒಬ್ಬ ಹಿರಿಯರು ಕಣ್ಣು ಒರೆಸಿಕೊಂಡರು. ಚಪ್ಪಾಳೆ ನಿಂತ ಮೇಲೆ ಉಳಿದ ಸಾಲು ಓದಬಹುದಿತ್ತು. ಚಹಾ ಬಂತು. ಕೂತುಬಿಟ್ಟೆ.

ಎಂಟನೆಯ ಕನ್ನಡ ತರಗತಿ ಮುಚ್ಚಿದೆ. ಎಲ್ಲರೂ ಒಪ್ಪಿದರು.

ಜೂನ್ 30, ಸೋಮವಾರ

ಬಂದರು. ಗೇಟಿನಲ್ಲಿ ಎಲ್ಲರೂ, ತಲೆಗೆ ಎಣ್ಣೆ ಹಚ್ಚಿಕೊಂಡು. ಸರ್ ಹೊರಗೆ ಬಂದು ಪ್ರೀತಿಯಿಂದಲೇ ಮಾತಾಡಿದರು. ಎಲ್ಲರನ್ನೂ ಇಂಗ್ಲಿಷ್ ಎಂಟನೆಯದಕ್ಕೆ ಹಾಕಿದ್ದಾರೆ. ಮೊದಲು ಕಷ್ಟ, ಆಮೇಲೆ ರೂಢಿ ಅಂದರು.

ಅಣವೀರಪ್ಪ ನನ್ನ ಹತ್ತಿರ ಬಂದರು. ಮೆಲ್ಲಗೆ — "ಅಕ್ಕೋರ, ಈ ಸಲ ಖರೇನ ಹೇಳಿದ್ರೇನ್ರಿ?"

ಜುಲೈ 4, ಶುಕ್ರವಾರ

ಮಹಾದೇವಿ ಎರಡು ದಿನದಿಂದ ಇಲ್ಲ. ಶಾಲೆ ಬಿಟ್ಟ ಮೇಲೆ ಅವರ ಖೋಲಿಗೆ, ಚಾಳಿನ ಒಂದೇ ಕೋಣೆಯ ಮನೆಗೆ, ಹೋದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

ತಾಯಿ ನಾಗವ್ವ ಹೇಳಿದರು — "ಸೈನ್ಸ್ ಸರ್ ಇಂಗ್ಲಿಷ್‌ನ್ಯಾಗ ಏನೋ ಕೇಳಿದ್ರಂತ್ರಿ. ಇಕಿ ಸುಮ್ಮ ನಿಂತ್ಳಂತ. ಹುಡುಗ್ರೆಲ್ಲಾ ನಕ್ಕಾರ. ಇನ್ನ ಒಲ್ಲೆ ಅಂತಾಳ. ಟವರ್‌ನ್ಯಾಗ ಒಂದು ಮನಿ ಕೆಲಸ ಸಿಕ್ಕೈತಿ, ಸೋಮಾರದಿಂದ ನನ್ನ ಕೂಡ ಬರ್ತಾಳ."

"ಓದುವ ಹುಡುಗಿ, ನಾಗವ್ವ..."

"ನನಗ ಗೊತ್ತಿಲ್ಲೇನ್ರಿ? ಎಲ್ಲಿ ಓದಸ್ಲಿ, ನೀವ ಹೇಳ್ರಿ."

ಅವರು ಕೊಟ್ಟ ಚಹಾ ಕುಡಿದು ಬಂದೆ.

ಜುಲೈ 5, ಶನಿವಾರ

ಹೊಟ್ಟೆನೋವು ಅಂತ ಮೆಸೇಜ್ ಹಾಕಿ ಕುರ್ಲಾಕ್ಕೆ ಹೋದೆ. ಅಲ್ಲಿನ ಒಂದು ಶಾಲೆಯಲ್ಲಿ ಎಂಟನೆಯ ಕನ್ನಡ ಇನ್ನೂ ನಡೆಯುತ್ತಿದೆ. ಆಫೀಸಿನ ಬಾಗಿಲಲ್ಲಿ ಎಷ್ಟೋ ಹೊತ್ತು ನಿಂತೆ. ಕೊನೆಗೆ ಅವರೇ ಕರೆದರು. ಮಕ್ಕಳನ್ನು ತಗೊಳ್ತಾರಂತೆ.

ಬರುವಾಗ ನಾಗವ್ವನಿಗೆ ಹೇಳಿದೆ. ಒಂದು ಕ್ಷಣ ಮುಖ ಅರಳಿತು. ಆಮೇಲೆ —

"ಕುರ್ಲಾ? ವಡಾಳಾದಾಗ ಗಾಡಿ ಬದಲಿ ಮಾಡ್ಬೇಕಲ್ರಿ. ಆ ಗರ್ದ್ಯಾಗ ಹುಡುಗೀನ ಒಬ್ಬಾಕಿನ್ನ ಬಿಡಂಗಿಲ್ಲ. ನಾ ಹೋದ್ರ ಕೆಲಸ ಹೋಗ್ತೈತಿ."

ಸರಿ ಮಾತು. ನಾನು ತಾಯಿಯಾಗಿದ್ದರೂ ಬಿಡುತ್ತಿರಲಿಲ್ಲ.

ಜುಲೈ 6, ಭಾನುವಾರ

ಬೆಳಿಗ್ಗೆ ಮತ್ತೆ ನಾಗವ್ವನ ಖೋಲಿಗೆ ಹೋಗಿದ್ದೆ. ಅಣವೀರಪ್ಪ ಶುಭಾಂಗಿಯನ್ನೂ ಕಳಿಸುತ್ತಾರೆ. ನಾಳೆ ಏಳಕ್ಕೆ ಗೋರೆಗಾಂವ್, ಹಾರ್ಬರ್ ಪ್ಲಾಟ್‌ಫಾರ್ಮ್, ಲೇಡೀಸ್ ಡಬ್ಬಾ ನಿಲ್ಲುವಲ್ಲಿ. ನಾನೇ ಕರೆದುಕೊಂಡು ಹೋಗುತ್ತೇನೆ, ನಾನೇ ಕರೆತರುತ್ತೇನೆ.

"ದಿನಾ?" ನಾಗವ್ವ ಕೇಳಿದರು.

"ದಿನಾ."

"ಮತ್ತ ನಿಮ್ಮ ನೌಕ್ರಿ?"

ಬಿಟ್ಟು ಬರುವಷ್ಟರಲ್ಲಿ ನನ್ನ ಮೊದಲ ಎರಡು ಪೀರಿಯಡ್ ಹೋಗುತ್ತವೆ. ಕರೆತರಲು ಹೊರಟರೆ ಕೊನೆಯವು. ಕಾಂಟ್ರಾಕ್ಟ್ ಟೀಚರನ್ನು ಎಷ್ಟು ದಿನ ಸಹಿಸುತ್ತಾರೆ? ಶೇಖರ ಸರ್‌ಗೆ ಹೇಳಿಲ್ಲ. ಮನೆಯಲ್ಲೂ ಹೇಳಿಲ್ಲ. ಯಾರನ್ನೂ ಕೇಳುವುದಿಲ್ಲ. ಆರಕ್ಕೆ ಅಲಾರಾಂ ಇಟ್ಟರೆ ತಡವಾಗುತ್ತದೆ, ಐದೂವರೆಗೆ ಇಟ್ಟಿದ್ದೇನೆ.